ಹೆಸರಿನ ಪಕ್ಕದ ಚುಕ್ಕೆ

ತಾನು ಯಾರು ಎಂಬ ನಿಶ್ಚಯ ಮನುಷ್ಯನಿಗೆ ತಪ್ಪಿಹೋಗಿರುವುದು ಈ ಕಾಲದ ಕಾಯಿಲೆ ಎನ್ನುವುದು ರೂಢಿಯ ಮಾತಾಗಿದೆ. ಊರು ಬಿಟ್ಟವರು, ಕಸುಬು ಬಿಟ್ಟವರು, ಫೋನಿನಲ್ಲಿ ನಾಲ್ಕು ಹೆಸರಿಟ್ಟುಕೊಂಡವರು ಇದಕ್ಕೆ ಸಾಕ್ಷಿಗಳಂತೆ. ಕನ್ನಡಿಗರ ಹೆಸರುಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಹೆಸರು ಹಿಂದೆಯೂ ಸಂದರ್ಭ ನೋಡಿ ಹೊರಳುತ್ತಿತ್ತು. ಅದರ ಒಂದಕ್ಷರವೂ ಕದಲಕೂಡದೆಂಬ ಹಟ ಹೊಸದು.

ಕುವೆಂಪು ಎಂಬ ಮೂರಕ್ಷರವನ್ನೇ ಬಿಡಿಸಿ ನೋಡಿ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಕೊನೆಗೆ ಪುಟ್ಟಪ್ಪ. ಧಾರವಾಡದ ದ.ರಾ. ಬೇಂದ್ರೆಯವರಲ್ಲಿ ದತ್ತಾತ್ರೇಯ ಮೊದಲು, ಆಮೇಲೆ ತಂದೆ ರಾಮಚಂದ್ರ, ಕಡೆಗೆ ಮನೆತನ. ಮೈಸೂರು ಸೀಮೆಯವನು ಊರಿನಿಂದ ಹೊರಟು ಅಪ್ಪನನ್ನು ದಾಟಿ ತನ್ನ ಹತ್ತಿರ ಬರುತ್ತಾನೆ. ಮುಂಬಯಿ ಪ್ರಾಂತದವನು ತನ್ನಿಂದ ಹೊರಟು ಮನೆತನ ಸೇರುತ್ತಾನೆ. 1956ರ ಏಕೀಕರಣ ಇಬ್ಬರನ್ನೂ ಒಂದೇ ಹಾಜರಿ ಪುಸ್ತಕದಲ್ಲಿ ಕೂರಿಸಿತು. ಸಾಲದ್ದಕ್ಕೆ ಬೇಂದ್ರೆ ಕವಿತೆಗೆ ಕೂತರೆ ಅಂಬಿಕಾತನಯದತ್ತ. ಕಾಗದಪತ್ರದಲ್ಲಿ ಅಪ್ಪನ ಮಗ, ಕಾವ್ಯದಲ್ಲಿ ಅಮ್ಮನ ಮಗ. ಓದುಗರಿಗೆ ಇದರಿಂದ ತೊಡಕೇನೂ ಆಗಲಿಲ್ಲ. ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಕೇಳಿದರೆ ಸಂತೆಗೇ ಹೋದಂತಿರುತ್ತದೆ: ಅಂಗಡಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿರಿಯರು ಮಾಡುತ್ತಿದ್ದ ಕೆಲಸವೇ ಕರೆಯುವ ಹೆಸರಾಗಿ, ದಫ್ತರ ಸೇರಿದ ಮೇಲೆ ಅಲ್ಲೇ ನಿಂತುಬಿಟ್ಟಿತು. ಕುಲಕರ್ಣಿಯೆಂದರೆ ಊರಿನ ಲೆಕ್ಕ ಬರೆಯುವವನು. 1950ರ ಕಾಯ್ದೆ ಮುಂಬಯಿ ರಾಜ್ಯದಲ್ಲಿ ವಂಶಪಾರಂಪರ್ಯದ ಆ ವತನವನ್ನೇ ರದ್ದು ಮಾಡಿತು. ಹುದ್ದೆ ಹೋಯಿತು, ಹೆಸರು ಹೋಗಲಿಲ್ಲ. ಇವತ್ತು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ಕುಲಕರ್ಣಿಗೆ ಯಾವ ಊರಿನ ಲೆಕ್ಕದ ಗೊಡವೆಯೂ ಇಲ್ಲ.

ಹೆಸರು ಹೊರಳಿದರೇನು, ಜಾತಿ ಹೊರಳಿತೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಜಾತಿ ಹೊರಳಲಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹಲವರು ಕಸುಬಿನ ಹೆಸರಿನಿಂದಲೇ ಗುರುತಾದರು. ಬಸವಣ್ಣ ಕೂಡಲಸಂಗಮದೇವನ ಅಂಕಿತ ಇಟ್ಟರೆ, ದೋಣಿ ನಡೆಸುವ ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಕಸುಬಿನ ಸಮೇತ ಅಂಕಿತ ಮಾಡಿಕೊಂಡ. ಹುಟ್ಟಿನೊಂದಿಗೆ ಅಂಟಿದ್ದನ್ನು ಆತನಿಗೆ ಕಳಚಲಾಗಲಿಲ್ಲ, ಆದರೆ ಅದನ್ನು ದೇವರ ಜಾಗದಲ್ಲಿ ತಂದು ಕೂರಿಸಿದ. ಹೆಂಗಸರ ಮಟ್ಟಿಗಂತೂ ಹೊರಳುವಿಕೆ ಅವರ ಇಷ್ಟದ ಪ್ರಶ್ನೆಯೇ ಆಗಿರಲಿಲ್ಲ. ಉತ್ತರ ಕರ್ನಾಟಕದ ಕೆಲವು ಮನೆತನಗಳ ಮದುವೆಯಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಗೀರಿ ಸೊಸೆಯ ಹೊಸ ಹೆಸರು ಬರೆಯುತ್ತಿದ್ದರು. ಕಾಳು ಸರಿಸಿದರೆ ಅಳಿಸಿಹೋಗುವ ಬರಹ. ಅಷ್ಟರಲ್ಲಿ ತವರಿನ ಹೆಸರು ಮುಗಿದಿರುತ್ತಿತ್ತು. ಆದ್ದರಿಂದ ಹಿಂದಿನ ಹೊರಳುವಿಕೆಯನ್ನು ಸ್ವಾತಂತ್ರ್ಯವೆಂದು ನಾನು ಹೊಗಳಲಾರೆ. ಹಳೆಯ ಮೈಸೂರಿನ ಇನಿಷಿಯಲ್ಲಿಗೆ ಮಾತ್ರ ಒಂದು ಗುಣವಿದೆ: ಅಕ್ಷರದ ಪಕ್ಕದ ಚುಕ್ಕೆ ಜಾತಿಯನ್ನು ಬಾಯಿಬಿಡುವುದಿಲ್ಲ. ‘ಪೂರ್ತಿ ಹೆಸರೇನು?’ ಎಂಬ ವಿಚಾರಣೆ ಎಷ್ಟೋ ಸಲ ಆ ಚುಕ್ಕೆಯ ಹಿಂದೆ ಇಣುಕುವ ಪ್ರಯತ್ನ.

ಕಾಗದದ ಮೇಲೆ ಹೆಸರು ಗಟ್ಟಿಯಾಗಿದ್ದರಿಂದಲೇ ಬಡವನಿಗೆ ಜಮೀನು, ವಿಧವೆಗೆ ಪಿಂಚಣಿ ದಕ್ಕಿತು ಎಂಬುದು ಇನ್ನೊಂದು ವಾದ. ಒಪ್ಪುತ್ತೇನೆ, ದಾಖಲೆಯಿಲ್ಲದವನ ಪಾಡು ಸರ್ಕಾರಿ ಕಚೇರಿಯ ಹೊರಗಿನ ಬೆಂಚಿಗೆ ಗೊತ್ತು. ಆದರೆ ದಾಖಲೆಗಳು ತಾವೇ ಒಂದು ಮಾತಿಗೆ ನಿಂತಿಲ್ಲ. ಪಹಣಿಯಲ್ಲಿ ರೈತ ‘ಶಿವಣ್ಣ ಬಿನ್ ಕೆಂಪಯ್ಯ’. ಆ ‘ಬಿನ್’ ಅರಬ್ಬಿಯದು, ಮಗ ಎಂದರ್ಥ. ಮಾರ್ಕ್ಸ್ ಕಾರ್ಡಿನಲ್ಲಿ ಅವನೇ ಕೆ. ಶಿವಣ್ಣ, ಆಧಾರ್‌ನಲ್ಲಿ ಶಿವಣ್ಣ ಕೆ. ಪಾಸ್‌ಪೋರ್ಟಿನ ಅರ್ಜಿ ಮನೆತನದ ಹೆಸರಿಗೊಂದು ಖಾನೆ ಇಟ್ಟಿರುತ್ತದೆ; ಅಂಥದ್ದೊಂದು ಇಲ್ಲದವನು ಅಪ್ಪನನ್ನೋ ಊರನ್ನೋ ಅಲ್ಲಿ ತುಂಬುತ್ತಾನೆ. ಅಮೆರಿಕದಲ್ಲಿ ಇಳಿದ ಮೇಲೆ ಕಚೇರಿಯವರೆಲ್ಲ ಅವನನ್ನು ಮಿಸ್ಟರ್ ಕೆಂಪಯ್ಯ ಎಂದು ಅಪ್ಪನ ಹೆಸರಿನಲ್ಲೇ ಕರೆಯುತ್ತಾರೆ. ಊರಿನಲ್ಲಿ ಬ್ಯಾಂಕಿನವರು ಎರಡು ಕಾಗದ ತಾಳೆ ನೋಡಿ ತಲೆಯಾಡಿಸಿದರೆ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಹೋಗಬೇಕು. ಅಲ್ಲಿ ಅಫಿಡವಿಟ್ಟಿನ ಒಕ್ಕಣೆ ಮೊದಲೇ ಸಿದ್ಧವಿರುತ್ತದೆ, ಹೆಸರುಗಳ ಜಾಗ ಮಾತ್ರ ಖಾಲಿ: ಕೆ. ಶಿವಣ್ಣ, ಶಿವಣ್ಣ ಕೆ., ಶಿವಣ್ಣ ಬಿನ್ ಕೆಂಪಯ್ಯ ಈ ಮೂರೂ ನನ್ನವೇ, ನಾನು ಒಬ್ಬನೇ ವ್ಯಕ್ತಿ. ಕೆಳಗೆ ನೋಟರಿಯ ಮುದ್ರೆ, ಪಕ್ಕದಲ್ಲಿ ಹೆಬ್ಬೆಟ್ಟು.