ಲಾರ್‌ಬೋರ್ಡ್ ಎಂಬ ಎಡಮಗ್ಗುಲು

ಹಳೆಯ ಸಮುದ್ರಯಾನದ ಕಥನವೊಂದನ್ನು ಅನುವಾದಿಸುತ್ತಿದ್ದಾಗ ‘ಲಾರ್‌ಬೋರ್ಡ್’ ಎಂಬ ಪದ ಎದುರಾಯಿತು. ನಿಘಂಟು ‘ಹಡಗಿನ ಎಡಬದಿ’ ಎಂದಿತು. ನಾನು ‘ಎಡಕ್ಕೆ’ ಎಂದು ಬರೆದು ಮುಂದೆ ಹೋದೆ. ಎರಡು ಪುಟ ದಾಟಿದ ಮೇಲೆ ಎಡವಟ್ಟು ಗೊತ್ತಾಯಿತು. ಆ ಮಾತು ಹೇಳಿದ ನಾವಿಕ ಹಡಗಿನ ಹಿಂಭಾಗಕ್ಕೆ ಮುಖ ಮಾಡಿ ನಿಂತಿದ್ದ. ನನ್ನ ಕನ್ನಡದಲ್ಲಿ ಅವನು ತೋರಿಸಿದ್ದು ತದ್ವಿರುದ್ಧ ಬದಿಯನ್ನು.

ಲಾರ್‌ಬೋರ್ಡ್ ಎಂದರೆ ಮನುಷ್ಯನ ಎಡವಲ್ಲ, ಹಡಗಿನ ಎಡ. ನೀವು ಯಾವ ಕಡೆ ತಿರುಗಿ ನಿಂತರೂ ಅದು ಬದಲಾಗುವುದಿಲ್ಲ. ನಮಗೂ ಇದು ತೀರಾ ಹೊಸದಲ್ಲ: ತುಂಗಭದ್ರಾ ಎಡದಂಡೆ ಕಾಲುವೆ ಎನ್ನುವಾಗ ಲೆಕ್ಕಕ್ಕೆ ಬರುವುದು ನೀರು ಹರಿಯುವ ದಿಕ್ಕು, ದಡದಲ್ಲಿ ನಿಂತವರ ಕೈಯಲ್ಲ.

ಹಿಂದೆ ಉತ್ತರ ಯುರೋಪಿನ ಹಡಗುಗಳನ್ನು ತಿರುಗಿಸುತ್ತಿದ್ದದ್ದು ಬಲಬದಿಗೆ ಕಟ್ಟಿದ ದೊಡ್ಡ ಹುಟ್ಟಿನಿಂದ. ಹಾಗಾಗಿ ಆ ಬದಿ ‘ಸ್ಟಾರ್‌ಬೋರ್ಡ್’, ಅಂದರೆ ಹಡಗು ನಡೆಸುವ ಮಗ್ಗುಲು. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಎಡಬದಿಗೆ ಇದ್ದ ಹೆಸರೇ ಬೇರೆ, ‘ಬಾಕ್‌ಬೋರ್ಡ್’. ಜರ್ಮನ್ನರು ಈಗಲೂ ಹಾಗೇ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಮರೆಯಾಗಿ ‘ಲಾಡೆಬೋರ್ಡ್’ ಬಂತು. ಸರಕು ಹೇರುವ ಮಗ್ಗುಲು ಎಂದು ವಿದ್ವಾಂಸರು ಅದನ್ನು ಬಿಡಿಸುತ್ತಾರೆ. ಸ್ಟಾರ್‌ಬೋರ್ಡಿನ ಸಹವಾಸದಲ್ಲಿ ಅದರ ಉಚ್ಚಾರ ಲಾರ್‌ಬೋರ್ಡ್ ಆಯಿತು.

ಸಮಸ್ಯೆ ಹುಟ್ಟಿದ್ದೇ ಆ ಸಹವಾಸದಿಂದ. ಗಾಳಿ ಮಳೆಯ ನಡುವೆ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ಪ್ರಾಸ ಕವಿತೆಗೆ ಚೆಂದ, ಬಂಡೆಯ ಹತ್ತಿರ ಸಾಗುವ ಹಡಗಿಗಲ್ಲ. ಚುಕ್ಕಾಣಿಯ ಆಜ್ಞೆಗಳಲ್ಲಿ ನಾವಿಕರು 17ನೇ ಶತಮಾನದಲ್ಲೇ ‘ಪೋರ್ಟ್’ ಎನ್ನತೊಡಗಿದ್ದರು. ಹುಟ್ಟು ಬಲಕ್ಕಿದ್ದರೆ ದಕ್ಕೆಗೆ ತಾಗಿಸಲು ಉಳಿಯುವುದು ಎಡಬದಿ ತಾನೇ! ಬ್ರಿಟಿಷ್ ನೌಕಾಪಡೆ 1844ರ ನವೆಂಬರ್‌ನಲ್ಲಿ ಲಾರ್‌ಬೋರ್ಡನ್ನು ಆಜ್ಞೆ ಹೊರಡಿಸಿಯೇ ಕೈಬಿಟ್ಟಿತು. 1846ರ ಫೆಬ್ರವರಿಯಲ್ಲಿ ಅಮೆರಿಕದ ನೌಕಾ ಕಾರ್ಯದರ್ಶಿ ಜಾರ್ಜ್ ಬ್ಯಾಂಕ್ರಾಫ್ಟ್ ಅದೇ ದಾರಿ ಹಿಡಿದರು.

ಭಾಷಾವಿಜ್ಞಾನದ ತರಗತಿಯಲ್ಲಿ, ಆಜ್ಞೆಯಿಂದ ಪದ ಸಾಯುವುದಿಲ್ಲ ಎಂದು ಕಲಿತವಳು ನಾನು. ಇದು ಹೆಚ್ಚುಕಡಿಮೆ ಸತ್ತಿತು, ಆದರೆ ತಕ್ಷಣವಲ್ಲ. 1851ರ ‘ಮೊಬಿ ಡಿಕ್’ನಲ್ಲಿ ಲಾರ್‌ಬೋರ್ಡ್ ಮತ್ತೆ ಮತ್ತೆ ಬರುತ್ತದೆ. ಮಾರ್ಕ್ ಟ್ವೇನ್ ಬರೆದ ಮಿಸಿಸಿಪ್ಪಿ ನದಿಯ ನೆನಪುಗಳಲ್ಲೂ ಇದೆ.

ನನ್ನ ಕಥನ 1830ರ ದಶಕದ್ದು. ಅಲ್ಲಿ ‘ಪೋರ್ಟ್’ ಹಾಕಲು ಮನಸ್ಸು ಬರಲಿಲ್ಲ. ಅಲ್ಲದೆ ಕನ್ನಡದ ಕಿವಿಗೆ ಪೋರ್ಟ್ ಎಂದರೆ ಬಂದರೇ. ಕೊನೆಗೆ ‘ಹಡಗಿನ ಎಡಮಗ್ಗುಲು’ ಎಂದು ತಿದ್ದಿ, ಮೊದಲಿನಿಂದ ಪ್ರತಿಯೊಂದು ‘ಎಡಕ್ಕೆ’ಯನ್ನೂ ಹುಡುಕುತ್ತಾ ಕೂತೆ.