ಹಾನ್ಲೆಯ ಇರುಳು, ನಮ್ಮ ಊರುಗಳ ಇರುಳು

ಈ ಸಲದ ಮಾಹಿತಿ ಲೇಖನದಲ್ಲಿ ಲಡಾಖಿನ ಹಾನ್ಲೆ ಖಗೋಳ ವೀಕ್ಷಣಾಲಯದ ಬಗ್ಗೆ, ಜೊತೆಗೆ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಆಕಾಶದ ಬಗ್ಗೆ ನಾಲ್ಕು ಮಾತು ತಿಳಿಸುತ್ತಿದ್ದೇವೆ.

ಹಾನ್ಲೆ ವೀಕ್ಷಣಾಲಯ

ಇದು ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲಿದೆ. ಅಲ್ಲಿ ಮಳೆ ಕಡಿಮೆ. ಗಾಳಿ ತೆಳು, ತೇವವೂ ಅಲ್ಪ. ಹಾಗಾಗಿ ನಕ್ಷತ್ರಗಳ ಬೆಳಕು ಹೆಚ್ಚು ಮಂಕಾಗದೆ ಕೆಳಗಿಳಿಯುತ್ತದೆ. ಇಲ್ಲಿರುವ 2 ಮೀಟರ್ ವ್ಯಾಸದ ದೂರದರ್ಶಕಕ್ಕೆ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ ಹಿಮಾಲಯನ್ ಚಂದ್ರ ಎಂದು ಹೆಸರಿಟ್ಟಿದ್ದಾರೆ. ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೆಂದರೆ, ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ.

ಎತ್ತರವೊಂದಿದ್ದರೆ ಸಾಲದು, ಕತ್ತಲೆಯೂ ಬೇಕು. 2022ರಲ್ಲಿ ವೀಕ್ಷಣಾಲಯದ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಸಂರಕ್ಷಿತ ವಲಯವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರೇ ಕಿಟಕಿಗೆ ಪರದೆ ಕಟ್ಟಿ, ಹೊರಗಿನ ದೀಪ ತಗ್ಗಿಸಿ ಸಹಕರಿಸುತ್ತಾರೆ. ತರಬೇತಿ ಪಡೆದ ಕೆಲವರು ಬಂದವರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ.

ಹೈದರಾಬಾದಿನ ಅನುಭವ

1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ನಮ್ಮ ಹಿರಿಯರ ಕಾಲದ ಆ ಹೈದರಾಬಾದ್ ಸಂಸ್ಥಾನಕ್ಕೂ ತನ್ನದೇ ವೀಕ್ಷಣಾಲಯವಿತ್ತು. ನವಾಬ್ ಜಫರ್ ಜಂಗ್ ಆರಂಭಿಸಿದ ನಿಜಾಮಿಯಾ ವೀಕ್ಷಣಾಲಯ 1908ರಲ್ಲಿ ಸರ್ಕಾರದ ಕೈಗೆ ಬಂತು. ಅಂತರರಾಷ್ಟ್ರೀಯ ನಕ್ಷತ್ರಪಟ್ಟಿಯ ಕೆಲಸದಲ್ಲಿ ಅದಕ್ಕೂ ಪಾಲಿತ್ತು. ಊರು ಬೆಳೆದಂತೆ ದೂರದ ಜಾಗ ಬೇಕಾಯಿತು. 1968ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ 48 ಅಂಗುಲದ ದೂರದರ್ಶಕ ಜಪಾಲ್-ರಂಗಾಪುರದಲ್ಲಿ ನಿಂತಿತು. ಮುಂದೆ ನಗರದ ಬೆಳಕು ಆ ಕಡೆಗೂ ಹಬ್ಬಿತು. ಒಮ್ಮೆ ಬೆಳಕು ತುಂಬಿದ ಆಕಾಶವನ್ನು ಮರಳಿ ಕತ್ತಲಾಗಿಸುವುದು ಸುಲಭವಲ್ಲ.

ನಮ್ಮ ಪಾಲಿನ ಆಕಾಶ

ನಮ್ಮ ಊರುಗಳು ಸುಮಾರು 17ರಿಂದ 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ, ಹಾನ್ಲೆ ಸುಮಾರು 33ರಲ್ಲಿ. ಧ್ರುವ ನಕ್ಷತ್ರ ಅಲ್ಲಿ ಎತ್ತರ, ಇಲ್ಲಿ ತಗ್ಗು. ದಕ್ಷಿಣದ ನಕ್ಷತ್ರಗಳದ್ದು ಇದಕ್ಕೆ ವಿರುದ್ಧ. ಅಗಸ್ತ್ಯ ನಕ್ಷತ್ರ ಹಾನ್ಲೆಯಲ್ಲಿ ದಿಗಂತದಿಂದ ನಾಲ್ಕೈದು ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮಲ್ಲಿ ಸುಮಾರು 20 ಡಿಗ್ರಿ ಏರುತ್ತದೆ. ಫೆಬ್ರವರಿ ಮೊದಲರ್ಧದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ಕೈ ನೀಡಿ, ದಿಗಂತದಿಂದ ಎರಡು ಮುಷ್ಟಿ ಮೇಲಕ್ಕೆ ನೋಡಿ. ಲುಬ್ಧಕದ ಕೆಳಗೆ ಹೊಳೆಯುವುದೇ ಅಗಸ್ತ್ಯ. ಏಪ್ರಿಲ್, ಮೇ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಗಿನ ಜಾವ ಊರಾಚೆಯ ಹೊಲದಲ್ಲಿ ನಿಂತರೆ ಆಕಾಶಗಂಗೆಯೂ ಕಾಣುತ್ತದೆ.

ಸದಸ್ಯರಲ್ಲಿ ವಿನಂತಿ

ದೀಪ ಬೇಡವೆಂದು ನಾವು ಹೇಳುತ್ತಿಲ್ಲ. ಅಂಗಳದ, ಅಂಗಡಿಯ, ಗುಡಿಯ ದೀಪಕ್ಕೆ ಮೇಲೊಂದು ಮರೆಯಿರಲಿ, ಬೆಳಕು ನೆಲಕ್ಕೆ ಬೀಳಲಿ. ಕೆಲಸ ಮುಗಿದ ಮೇಲೆ ಆರಿಸಿ. ಮಕ್ಕಳಿಗೆ ಸಪ್ತರ್ಷಿ, ಕೃತ್ತಿಕೆ, ಅಗಸ್ತ್ಯಗಳನ್ನು ಕನ್ನಡದಲ್ಲೇ ಹೆಸರಿಟ್ಟು ತೋರಿಸಿ. ನಕ್ಷತ್ರ ಕಾಣದಾದರೆ ಆ ಹೆಸರುಗಳೂ ಬಾಯಿಂದ ಮರೆಯಾಗುತ್ತವೆ.