ಹೆತ್ತವಳ ಹೆಸರು ಅಳಿಸಿದ ಆಶ್ರಯ: ಐರ್ಲೆಂಡಿನ ತಾಯಿ-ಮಗು ನಿಲಯಗಳು

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿರುವ ಟ್ಯೂಮ್ ಎಂಬ ಪುಟ್ಟ ಪಟ್ಟಣದ ವಸತಿ ಬಡಾವಣೆಯೊಂದರ ಮಧ್ಯೆ 2025ರ ಜುಲೈ 14ರಂದು ಉತ್ಖನನ ಆರಂಭವಾಯಿತು. ತಜ್ಞರು ಅಲ್ಲಿ ಹುಡುಕಲು ಹೊರಟದ್ದು ಪುರಾತನ ನಾಣ್ಯಗಳನ್ನಲ್ಲ, ಹಸುಗೂಸುಗಳ ಮೂಳೆಗಳನ್ನು. 1925ರಿಂದ 1961ರವರೆಗೆ ಆ ಜಾಗದಲ್ಲಿ ಬಾನ್ ಸೆಕೂರ್ ಪಂಥದ ಕ್ರೈಸ್ತ ಸನ್ಯಾಸಿನಿಯರು ಅವಿವಾಹಿತ ತಾಯಂದಿರ ನಿಲಯವೊಂದನ್ನು ನಡೆಸುತ್ತಿದ್ದರು. ಆ ಅವಧಿಯಲ್ಲಿ ಅಲ್ಲಿ ಮೃತಪಟ್ಟ 796 ಮಕ್ಕಳ ಮರಣ ದಾಖಲೆಗಳು ದೊರೆತಿವೆ. ಅವರನ್ನು ಹೂಳಿದ ದಾಖಲೆಗಳು ಮಾತ್ರ ದೊರೆಯಲಿಲ್ಲ. ಉತ್ಖನನಕ್ಕೆ ಸುಮಾರು ಎರಡು ವರ್ಷ ಬೇಕಾದೀತೆಂದು ಆಗ ಅಂದಾಜಿಸಲಾಗಿತ್ತು.

ಟ್ಯೂಮ್ ಇರುವುದು ಗಾಲ್ವೇ ಜಿಲ್ಲೆಯಲ್ಲಿ. ಗಾಲ್ವೇ ಎಂದೊಡನೆ ಕನ್ನಡಿಗರಿಗೆ ಸವಿತಾ ಹಾಲಪ್ಪನವರ ನೆನಪಾಗುವುದು ಸಹಜ. ಬೆಳಗಾವಿ ಮೂಲದ ಈ ದಂತವೈದ್ಯೆ 2012ರ ಅಕ್ಟೋಬರ್ 28ರಂದು, ತಮ್ಮ 31ನೇ ವಯಸ್ಸಿನಲ್ಲಿ, ಗಾಲ್ವೇ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ನಂಜೇರಿ ಕೊನೆಯುಸಿರೆಳೆದರು. ಗರ್ಭ ಉಳಿಯುವುದಿಲ್ಲವೆಂದು ಖಚಿತವಾಗಿದ್ದರೂ ಗರ್ಭಪಾತದ ಕೋರಿಕೆಯನ್ನು ಒಪ್ಪಿರಲಿಲ್ಲ. ಇದು ಕ್ಯಾಥೊಲಿಕ್ ದೇಶ ಎಂದು ತಾನು ಆಕೆಗೆ ಹೇಳಿದ್ದು ನಿಜವೆಂದು ಸೂಲಗಿತ್ತಿಯೊಬ್ಬರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮತದಾರರು ಗರ್ಭಪಾತ ನಿಷೇಧದ ಸಂವಿಧಾನ ವಿಧಿಯನ್ನು ರದ್ದುಪಡಿಸುವ ಪರ ಮತ ಹಾಕಿದರು. ಸವಿತಾ ವಿವಾಹಿತೆ, ವಿದ್ಯಾವಂತೆ. ಆಕೆಯ ಪ್ರಕರಣ ಬೇರೆ. ಆದರೆ ಹೆಣ್ಣಿನ ಬಸಿರಿನ ಬಗ್ಗೆ ಚರ್ಚು ಮತ್ತು ಸರ್ಕಾರ ಒಂದಾಗಿ ತೀರ್ಮಾನಿಸುತ್ತಿದ್ದ ವ್ಯವಸ್ಥೆ ಎಷ್ಟು ಹಳೆಯದು, ಎಷ್ಟು ಆಳದ್ದು ಎಂಬುದನ್ನು ತಿಳಿಯಬೇಕಾದರೆ ಈ ನಿಲಯಗಳ ಚರಿತ್ರೆಯನ್ನು ಓದಬೇಕು.

ಸರ್ಕಾರದ ಹಣ, ಸನ್ಯಾಸಿನಿಯರ ಆಡಳಿತ

1922ರಲ್ಲಿ ಸ್ವತಂತ್ರವಾದ ಐರ್ಲೆಂಡ್ ಬಡ ರಾಷ್ಟ್ರ. ಮದುವೆಯಾಗದೆ ಬಸಿರಾದವಳನ್ನು ಮನೆಯವರು ಹೊರಹಾಕುತ್ತಿದ್ದರು, ಪಾದ್ರಿ ಮುಂದೆ ನಿಂತು ನಿಲಯಕ್ಕೆ ಕಳುಹಿಸುತ್ತಿದ್ದ. ಬಸಿರಿಗೆ ಕಾರಣನಾದ ಗಂಡಸನ್ನು ಕೇಳುವವರೇ ಇರಲಿಲ್ಲ. ನಿಲಯಗಳನ್ನು ಬಹುಪಾಲು ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದರೂ ಖರ್ಚನ್ನು ತಲೆ ಎಣಿಕೆಯ ಮೇಲೆ ಕೊಡುತ್ತಿದ್ದವು ಸ್ಥಳೀಯ ಆಡಳಿತಗಳು. ಟ್ಯೂಮ್ ನಿಲಯದ ಕಟ್ಟಡವಂತೂ ಜಿಲ್ಲಾ ಆಡಳಿತದ್ದೇ. ಅದಕ್ಕೂ ಮೊದಲು ಅದು ನಿರ್ಗತಿಕರ ದುಡಿಮೆಯ ಮನೆಯಾಗಿತ್ತು. ಹೀಗಾಗಿ ಇದನ್ನು ಚರ್ಚಿನದೊಂದೇ ತಪ್ಪೆಂದು ಹೇಳಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ.

ಒಳಹೊಕ್ಕ ಹೆಣ್ಣಿಗೆ ಹಲವು ನಿಲಯಗಳಲ್ಲಿ ಬೇರೆಯೇ ಹೆಸರು. ನೆಲ ತೊಳೆಯುವುದು, ಬಟ್ಟೆ ಒಗೆಯುವುದು ಮುಂತಾದ ಕೆಲಸಗಳಿಗೆ ಕೂಲಿಯಿಲ್ಲ. ಟ್ಯೂಮ್‌ನಲ್ಲಿ ಹೆರಿಗೆಯ ನಂತರ ಸುಮಾರು ಒಂದು ವರ್ಷ ಇದ್ದು ತಾಯಿ ಹೊರಡಬೇಕಿತ್ತು; ಮಗು ಅಲ್ಲೇ ಉಳಿಯುತ್ತಿತ್ತು. ಬದುಕಿದರೆ ಮುಂದೆ ಯಾವುದಾದರೂ ಸಾಕುಮನೆಗೋ ಸಂಸ್ಥೆಗೋ ಅದರ ರವಾನೆ.

ಬದುಕುವುದೇ ಕಷ್ಟವಾಗಿತ್ತು. ನ್ಯಾಯಾಧೀಶೆ ಇವಾನ್ ಮರ್ಫಿ ಅಧ್ಯಕ್ಷತೆಯ ತನಿಖಾ ಆಯೋಗ 14 ತಾಯಿ-ಮಗು ನಿಲಯಗಳನ್ನೂ 4 ಜಿಲ್ಲಾ ನಿಲಯಗಳನ್ನೂ ಪರಿಶೀಲಿಸಿತು. 1922ರಿಂದ 1998ರವರೆಗೆ ಇವುಗಳಲ್ಲಿದ್ದ ತಾಯಂದಿರ ಸಂಖ್ಯೆ ಸುಮಾರು 56,000, ಮಕ್ಕಳ ಸಂಖ್ಯೆ ಸುಮಾರು 57,000. ಈ ಮಕ್ಕಳಲ್ಲಿ ಸುಮಾರು 9,000 ಮಂದಿ ಸತ್ತರು. ಅಂದರೆ ನೂರಕ್ಕೆ ಹದಿನೈದು. ಕಾರಣಗಳೇನೂ ನಿಗೂಢವಲ್ಲ: ವಾಂತಿಭೇದಿ, ಉಸಿರಾಟದ ಸೋಂಕು, ಇಕ್ಕಟ್ಟು, ನೈರ್ಮಲ್ಯದ ಕೊರತೆ. ಕಾರ್ಕ್ ನಗರದ ಬೆಸ್‌ಬರೋ ನಿಲಯದಲ್ಲಿ 1943ರಲ್ಲಿ ಹುಟ್ಟಿದ ಅಥವಾ ದಾಖಲಾದ ಮಕ್ಕಳ ಪೈಕಿ ಶೇ 75ರಷ್ಟು ಮಕ್ಕಳು ಉಳಿಯಲಿಲ್ಲ. ಸರ್ಕಾರದ ಮುಖ್ಯ ವೈದ್ಯಕೀಯ ಸಲಹೆಗಾರ ಡಾ. ಜೇಮ್ಸ್ ಡೀನಿ ಅಲ್ಲಿಗೆ ಭೇಟಿ ಕೊಟ್ಟರು. ಮೇಲ್ನೋಟಕ್ಕೆ ಎಲ್ಲವೂ ಚೊಕ್ಕಟ. ಕೂಸುಗಳ ಬಟ್ಟೆ ಬಿಚ್ಚಿಸಿದಾಗ ಚರ್ಮದ ಸೋಂಕೂ ಭೇದಿಯೂ ಕಂಡವು. ಅವರು ನಿಲಯವನ್ನು ತಾತ್ಕಾಲಿಕವಾಗಿ ಮುಚ್ಚಿಸಿದರು. ಬೆಸ್‌ಬರೋಗೆ ಸಂಬಂಧಿಸಿದಂತೆ ಮೃತಪಟ್ಟ ಮಕ್ಕಳು 923. ಹೂಳಿದ ಸ್ಥಳ ತಿಳಿದಿರುವುದು 64 ಮಕ್ಕಳದ್ದು ಮಾತ್ರ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಈ ಸಾವಿನ ಪ್ರಮಾಣವನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಸರ್ಕಾರಿ ಪ್ರಕಟಣೆಗಳಲ್ಲೇ ಅದು ಅಚ್ಚಾಗುತ್ತಿತ್ತು ಎಂದು ಆಯೋಗ ಹೇಳಿದೆ. ಬಚ್ಚಿಟ್ಟದ್ದು ತಾಯಂದಿರ ಹೆಸರನ್ನು. ಗುಟ್ಟು ಅವರ ಮಾನ ಕಾಪಾಡಲೆಂದು ಹೇಳಲಾಗುತ್ತಿತ್ತು. ಆದರೆ ಅದು ಹೆಚ್ಚು ಕಾಪಾಡಿದ್ದು ಸಂಸ್ಥೆಗಳನ್ನು.

ಕಡಲಾಚೆಗೆ ಹೋದ ಕೂಸುಗಳು

ಐರ್ಲೆಂಡಿನಲ್ಲಿ ದತ್ತು ಕಾನೂನು ಬಂದದ್ದೇ 1952ರಲ್ಲಿ. ಅದಕ್ಕೂ ಮೊದಲಿನಿಂದಲೇ ಮಕ್ಕಳು ಹೊರದೇಶಗಳಿಗೆ ಹೋಗುತ್ತಿದ್ದರು. ಈ ನಿಲಯಗಳಲ್ಲಿದ್ದ 1,638 ಮಕ್ಕಳನ್ನು ವಿದೇಶಕ್ಕೆ ದತ್ತು ಕೊಡಲಾಯಿತು. ಅವರಲ್ಲಿ 1,427 ಮಂದಿ ಸೇರಿದ್ದು ಅಮೆರಿಕವನ್ನು. ತಾಯಂದಿರ ಸಹಿ ಕಾಗದದ ಮೇಲೆ ಇತ್ತು. ಆದರೆ ಹೋಗಲು ಮನೆಯಿಲ್ಲದ, ಕೈಯಲ್ಲಿ ಕಾಸಿಲ್ಲದ ಹುಡುಗಿಯ ಸಹಿಯನ್ನು ಒಪ್ಪಿಗೆ ಎನ್ನಬಹುದೇ ಎಂಬುದು ಸಂತ್ರಸ್ತರು ಇಂದಿಗೂ ಎತ್ತುವ ಪ್ರಶ್ನೆ.

2013ರಲ್ಲಿ ತೆರೆಕಂಡ ‘ಫಿಲೊಮಿನಾ’ ಚಿತ್ರದಿಂದ ಫಿಲೊಮಿನಾ ಲೀ ಅವರ ಕಥೆ ಲೋಕಕ್ಕೆ ತಿಳಿಯಿತು. ರಾಸ್ಕ್ರೇ ಪಟ್ಟಣದ ಶಾನ್ ರಾಸ್ ಆಬಿ ನಿಲಯದಲ್ಲಿ 1952ರಲ್ಲಿ ಆಕೆಗೆ ಗಂಡು ಮಗುವಾಯಿತು. ಮೂರು ವರ್ಷ ತುಂಬಿದ ಮಗನನ್ನು ಅಮೆರಿಕಕ್ಕೆ ಕಳುಹಿಸಲಾಯಿತು. ದೊಡ್ಡವನಾದ ಮಗ ತಾಯಿಯನ್ನು ಹುಡುಕುತ್ತಾ ಅದೇ ನಿಲಯದ ಬಾಗಿಲಿಗೆ ಬಂದ. ಮಾಹಿತಿ ಸಿಗಲಿಲ್ಲ. ತಾಯಿಯೂ ಹುಡುಕುತ್ತಿದ್ದಳು, ಆಕೆಗೂ ಸಿಗಲಿಲ್ಲ. 1995ರಲ್ಲಿ ಮಗ ತೀರಿಕೊಂಡಾಗ ಆತನ ಇಚ್ಛೆಯಂತೆ ದೇಹವನ್ನು ಅದೇ ಆವರಣದಲ್ಲಿ ಹೂಳಲಾಯಿತು. ಎಂದಾದರೂ ತಾಯಿ ಹುಡುಕಿಕೊಂಡು ಬಂದರೆ ಸಮಾಧಿಯಾದರೂ ಕಾಣಲಿ ಎಂಬುದು ಆತನ ಆಸೆಯಾಗಿತ್ತು.

ಗೃಹಿಣಿಯೊಬ್ಬರ ಪಟ್ಟು

ಟ್ಯೂಮ್ ಪ್ರಕರಣ ಬೆಳಕಿಗೆ ಬಂದದ್ದು ಪೊಲೀಸರಿಂದಲೂ ಅಲ್ಲ, ಪತ್ರಿಕೆಗಳಿಂದಲೂ ಅಲ್ಲ. (ನಮ್ಮ ವೃತ್ತಿಯವರು ಇದನ್ನು ಒಪ್ಪಿಕೊಳ್ಳಲೇಬೇಕು.) ಸ್ಥಳೀಯ ಚರಿತ್ರೆಯಲ್ಲಿ ಆಸಕ್ತಿಯಿದ್ದ ಗೃಹಿಣಿ ಕ್ಯಾಥರೀನ್ ಕಾರ್ಲೆಸ್ ನಿಲಯದ ಬಗ್ಗೆ ಊರಿನ ಚರಿತ್ರೆ ಸಂಘದ ಪತ್ರಿಕೆಗೆ 2012ರಲ್ಲಿ ಲೇಖನ ಬರೆದರು. ಅಲ್ಲಿ ಸತ್ತ ಮಕ್ಕಳ ಮರಣ ಪ್ರಮಾಣಪತ್ರಗಳನ್ನು ನೋಂದಣಿ ಕಚೇರಿಯಿಂದ ತಮ್ಮದೇ ಹಣದಲ್ಲಿ ಒಂದೊಂದಾಗಿ ಪಡೆದರು. ಆ ಹೆಸರುಗಳನ್ನು ಸ್ಮಶಾನದ ದಾಖಲೆಗಳೊಂದಿಗೆ ತಾಳೆ ಹಾಕಿದಾಗ ಮಕ್ಕಳು ಅಲ್ಲಿರಲಿಲ್ಲ. 1975ರಲ್ಲಿ ಆಟವಾಡುತ್ತಿದ್ದ ಇಬ್ಬರು ಬಾಲಕರು ಅದೇ ಜಾಗದಲ್ಲಿ ಕಾಂಕ್ರೀಟು ಚಪ್ಪಡಿಯ ಕೆಳಗೆ ಮೂಳೆಗಳನ್ನು ಕಂಡಿದ್ದರು. ಅಂದು ಯಾರೂ ಅದನ್ನು ಮುಂದುವರಿಸಿರಲಿಲ್ಲ.

2014ರಲ್ಲಿ ಸುದ್ದಿ ಜಗತ್ತಿನಾದ್ಯಂತ ಹರಡಿತು. 2015ರಲ್ಲಿ ಆಯೋಗ ರಚನೆಯಾಯಿತು. ಹಳೆಯ ಕೊಳಚೆ ವ್ಯವಸ್ಥೆಗೆ ಸೇರಿದ್ದೆನ್ನಲಾದ ನೆಲದಡಿಯ ಕೋಣೆಗಳಲ್ಲಿ ಗಣನೀಯ ಪ್ರಮಾಣದ ಮಾನವ ಅವಶೇಷಗಳಿವೆ ಎಂದು 2017ರ ಮಾರ್ಚ್ 3ರಂದು ಅದು ದೃಢಪಡಿಸಿತು. ಪರೀಕ್ಷಿಸಿದ ಅವಶೇಷಗಳು 35 ವಾರದ ಭ್ರೂಣದಿಂದ ಎರಡು-ಮೂರು ವರ್ಷದ ಮಕ್ಕಳವರೆಗಿನವು.

ಅಂತಿಮ ವರದಿ 2021ರ ಜನವರಿ 12ರಂದು ಪ್ರಕಟವಾಯಿತು. ಮರುದಿನ ಪ್ರಧಾನಿ ಮಿಹಾಲ್ ಮಾರ್ಟಿನ್ ಸಂಸತ್ತಿನಲ್ಲಿ ದೇಶದ ಪರವಾಗಿ ಕ್ಷಮೆ ಕೋರಿದರು. ಬಾನ್ ಸೆಕೂರ್ ಪಂಥವೂ ಕ್ಷಮೆ ಕೇಳಿತು. ಹೊಣೆ ಮೊದಲಿಗೆ ಮಕ್ಕಳ ತಂದೆಯರದು ಮತ್ತು ತಾಯಂದಿರ ಕುಟುಂಬಗಳದು ಎಂಬ ವರದಿಯ ಧಾಟಿ ಸಂತ್ರಸ್ತರನ್ನು ಕೆರಳಿಸಿತು. ತಮ್ಮ ಸಾಕ್ಷ್ಯಕ್ಕೆ ತಕ್ಕ ಬೆಲೆ ಸಿಗಲಿಲ್ಲವೆಂದು ಹಲವರು ದೂರಿದರು. 2022ರ ಕಾನೂನು ದತ್ತು ಹೋದವರಿಗೆ ತಮ್ಮ ಜನನ ಮಾಹಿತಿ ಪಡೆಯುವ ಹಕ್ಕು ನೀಡಿತು. 2024ರ ಮಾರ್ಚ್‌ನಲ್ಲಿ ಪರಿಹಾರ ಯೋಜನೆ ಆರಂಭವಾಯಿತಾದರೂ ಬಾಲ್ಯದಲ್ಲಿ ಆರು ತಿಂಗಳಿಗಿಂತ ಕಡಿಮೆ ಅವಧಿ ಅಲ್ಲಿದ್ದವರನ್ನು ಅದರಿಂದ ಹೊರಗಿಡಲಾಗಿದೆ. ತಾಯಿಯಿಂದ ಅಗಲಿಸಿದ ನೋವನ್ನು ತಿಂಗಳ ಲೆಕ್ಕದಲ್ಲಿ ಅಳೆಯುವ ಈ ಕ್ರಮ ವಿಚಿತ್ರವೇ ಸರಿ.

ನಿಲಯಗಳು ಖಾಲಿಯಾದದ್ದು ಕ್ಷಮೆಯಿಂದಲ್ಲ. 1973ರಲ್ಲಿ ಐರ್ಲೆಂಡ್ ಸರ್ಕಾರ ಅವಿವಾಹಿತ ತಾಯಂದಿರಿಗೆ ಭತ್ಯೆಯ ಮಾದರಿಯ ನೆರವು ಜಾರಿಗೊಳಿಸಿತು. ಮಗುವನ್ನು ಸಾಕಲು ಒಂದಿಷ್ಟು ಹಣ ಕೈಗೆ ಬಂದದ್ದೇ ತಡ, ಹೆಚ್ಚು ತಾಯಂದಿರು ಮಕ್ಕಳನ್ನು ತಮ್ಮಲ್ಲೇ ಇಟ್ಟುಕೊಳ್ಳತೊಡಗಿದರು. ‘ಅಕ್ರಮ ಸಂತಾನ’ ಎಂಬ ಕಾನೂನು ಹಣೆಪಟ್ಟಿಯನ್ನು 1987ರಲ್ಲಿ ತೆಗೆದುಹಾಕಲಾಯಿತು.

ನಮ್ಮ ನೆಲದಲ್ಲಿ

ಪರರ ಮನೆಯ ತೂತು ಎಣಿಸುವ ಮುನ್ನ ನಮ್ಮ ಮನೆಯತ್ತಲೂ ನೋಡಬೇಕು. ಗಿರೀಶ ಕಾಸರವಳ್ಳಿ ನಿರ್ದೇಶನದ, ಯು.ಆರ್. ಅನಂತಮೂರ್ತಿ ಕಥೆ ಆಧರಿಸಿದ ‘ಘಟಶ್ರಾದ್ಧ’ (1977) ಚಿತ್ರವನ್ನು ನೋಡಿದವರಿಗೆ ಯಮುನಕ್ಕನ ಪಾಡು ಗೊತ್ತು. ಬಸಿರಾದ ವಿಧವೆಗೆ ಜೀವಂತವಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕಲು ನಮಗೆ ಚರ್ಚು ಬೇಕಾಗಿರಲಿಲ್ಲ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1863ರಲ್ಲಿ ಪುಣೆಯಲ್ಲಿ ಶಿಶುಹತ್ಯೆ ತಡೆಯಲು ಗೃಹ ತೆರೆದದ್ದು ಇಂಥ ವಿಧವೆಯರಿಗಾಗಿ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿ, ಲಂಡನ್ನಿನ ಫುಲ್ಹಾಂನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರು ‘ದಾರಿ ತಪ್ಪಿದವರು’ ಎನಿಸಿಕೊಂಡ ಹೆಂಗಸರನ್ನು ಕರುಣೆಯಿಂದ ಕಾಣುವುದನ್ನು ನೋಡಿ ಮನಸೋತಿದ್ದಾಗಿ ಬರೆದುಕೊಂಡಿದ್ದಾರೆ. ಆಶ್ರಯ ಕೊಡುವ ಕೈ ಯಾವಾಗಲೂ ಕೆಟ್ಟದ್ದಲ್ಲ. ಆ ಕೈಯ ಮೇಲೆ ಹೊರಗಿನ ಕಣ್ಣು ಇದೆಯೇ ಎಂಬುದೇ ಪ್ರಶ್ನೆ.

ಭಾರತದಲ್ಲಿ ಆ ಕಣ್ಣು ತಡವಾಗಿ ತೆರೆಯಿತು. ವಿದೇಶಿ ದತ್ತುಗಳ ಅವ್ಯವಹಾರದ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟ್ 1984ರಲ್ಲಿ ನಿಯಮಗಳನ್ನು ವಿಧಿಸಿತು. ಆದರೂ ದೂರುಗಳು ನಿಲ್ಲಲಿಲ್ಲ. ಶಿಶು ಮಾರಾಟದ ಆರೋಪದ ಮೇಲೆ 2018ರ ಜುಲೈನಲ್ಲಿ ರಾಂಚಿಯ ಮಿಷನರೀಸ್ ಆಫ್ ಚಾರಿಟಿ ನಿಲಯದ ಉದ್ಯೋಗಿಯೊಬ್ಬರು ಮತ್ತು ಸನ್ಯಾಸಿನಿಯೊಬ್ಬರ ಬಂಧನವಾಯಿತು. ಅದು ಅವಿವಾಹಿತ ತಾಯಂದಿರಿಗೆ ಆಶ್ರಯ ನೀಡುತ್ತಿದ್ದ ನಿಲಯ. ನಮ್ಮ ಮೈಸೂರು ಜಿಲ್ಲೆಯಲ್ಲೇ 2016ರ ನವೆಂಬರ್‌ನಲ್ಲಿ ಪೊಲೀಸರು ಶಿಶು ಮಾರಾಟ ಜಾಲವೊಂದನ್ನು ಭೇದಿಸಿ ಹಲವು ಮಕ್ಕಳನ್ನು ರಕ್ಷಿಸಿದ್ದರು. ಅದಕ್ಕೂ ಧರ್ಮಸಂಸ್ಥೆಗಳಿಗೂ ಸಂಬಂಧವಿರಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ತಾಯಿಗೆ ಕಾನೂನು ಹೇಳುವುದೇನು?

ಮಗುವನ್ನು ಸಾಕಲಾಗದ ತಾಯಿ ಅದನ್ನು ದಾದಿಗೋ ಮಧ್ಯವರ್ತಿಗೋ ಪರಿಚಿತ ದಂಪತಿಗೋ ಕೊಟ್ಟುಬಿಡುವಂತಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯ ಎದುರು ಒಪ್ಪಿಸಬೇಕು. ಈ ತಾಲ್ಲೂಕುಗಳಿಗೆಲ್ಲ ಸಮಿತಿ ಇರುವುದು ಮೈಸೂರಿನಲ್ಲಿ. ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸಮಿತಿ ಮೊದಲು ಆಪ್ತಸಮಾಲೋಚನೆ ನಡೆಸಬೇಕು. ಅವಿವಾಹಿತೆಯಾದರೆ ತಾಯಿಯೊಬ್ಬಳೇ ಒಪ್ಪಿಸಬಹುದು; ತಂದೆಯ ಸಹಿ ಬೇಕಿಲ್ಲ. ಪತ್ರಕ್ಕೆ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಿ ಮಗುವನ್ನು ಮರಳಿ ಪಡೆಯಲು ಆಕೆಗೆ 60 ದಿನಗಳ ಕಾಲಾವಕಾಶವಿದೆ. ಈ 60 ದಿನದ ವಿಷಯ ಹಳ್ಳಿಯ ತಾಯಂದಿರಿಗೆ ಮೊದಲು ತಿಳಿಯಬೇಕು. ಐರ್ಲೆಂಡಿನ ಹುಡುಗಿಯರಿಗೆ ಸಿಗದೇ ಹೋದದ್ದು ಇದೇ.

ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ 5 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿ ದಂಡವಿದೆ. ತಾಯಿ 18 ವರ್ಷದೊಳಗಿನವಳಾದರೆ ಪೋಕ್ಸೊ ಕಾಯ್ದೆಯಂತೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಈ ಭಯಕ್ಕೇ ಮನೆಯಲ್ಲೇ ಹೆರಿಗೆ ಮಾಡಿಸುವವರಿದ್ದಾರೆ. ಅಂಥ ಹೆರಿಗೆಗೆ ದಾಖಲೆಯಿಲ್ಲ, ದಾಖಲೆಯಿಲ್ಲದ ಕೂಸು ದಲ್ಲಾಳಿಗೆ ಸುಲಭದ ತುತ್ತು. ದತ್ತು ಹೋದ ಮಗು 18 ವರ್ಷ ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕಬಹುದು. ಹೆತ್ತವರು ಗೋಪ್ಯತೆ ಕೋರಿದ್ದರೆ ಅವರ ಒಪ್ಪಿಗೆ ಬೇಕು. ಸಮಿತಿಯ ಕಡತದಲ್ಲಿ ಹೆಸರಿದ್ದರೆ ಮಾತ್ರ ಇದೆಲ್ಲ ಸಾಧ್ಯ.

ಮಗುವನ್ನು ತಾನೇ ಸಾಕುತ್ತೇನೆನ್ನುವ ತಾಯಿಯ ಬೆನ್ನಿಗೆ 2015ರ ಜುಲೈ 6ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಅವಿವಾಹಿತ ಕ್ರೈಸ್ತ ಮಹಿಳೆಯೊಬ್ಬರು ಹೂಡಿದ್ದ ಮೊಕದ್ದಮೆ ಅದು. ತಂದೆಯ ಹೆಸರು ಹೇಳಬೇಕೆಂದು ಒತ್ತಾಯಿಸದೆ ಆಕೆಯನ್ನೇ ಪೋಷಕಿಯೆಂದು ಮಾನ್ಯ ಮಾಡಬಹುದು, ಜನನ ಪ್ರಮಾಣಪತ್ರಕ್ಕೆ ತಾಯಿಯ ಪ್ರಮಾಣಪತ್ರಿಕೆ ಸಾಕು ಎಂದು ನ್ಯಾಯಾಲಯ ಹೇಳಿತು. ಹಲವು ದೇಶಗಳ ಕಾನೂನನ್ನು ಉಲ್ಲೇಖಿಸುವಾಗ ನ್ಯಾಯಮೂರ್ತಿಗಳು ಐರ್ಲೆಂಡಿನ 1964ರ ಕಾಯ್ದೆಯನ್ನೂ ಹೆಸರಿಸಿದ್ದಾರೆ. ಅವಿವಾಹಿತೆಯ ಮಗುವಿಗೆ ತಾಯಿಯೇ ಪೋಷಕಿ ಎನ್ನುತ್ತದೆ ಆ ಕಾಯ್ದೆ. ಅದು ಜಾರಿಗೆ ಬಂದ ಮೇಲೂ ದಶಕಗಳ ಕಾಲ ಅಲ್ಲಿನ ನಿಲಯಗಳು ನಡೆದವು.

ಇನ್ನು ಹಣದ ಮಾತು. ಎಚ್.ಡಿ.ಕೋಟೆಯಿಂದ ಬಾವಲಿ ದಾಟಿದರೆ ಸಿಗುವ ಕೇರಳದಲ್ಲಿ ಅವಿವಾಹಿತ ತಾಯಂದಿರಿಗೆಂದೇ ‘ಸ್ನೇಹಸ್ಪರ್ಶಂ’ ಎಂಬ ಮಾಸಿಕ ನೆರವಿನ ಯೋಜನೆ ರೂಪುಗೊಂಡಿದೆ. ಕರ್ನಾಟಕದ ಮನಸ್ವಿನಿ ಯೋಜನೆ ಅವಿವಾಹಿತೆಯರಿಗೆ ಇದೆಯಾದರೂ ಅದು 40 ವರ್ಷ ದಾಟಿದವರಿಗೆ. ಇಪ್ಪತ್ತರ ತಾಯಿಗೆ ಅದರಿಂದ ಪ್ರಯೋಜನವಿಲ್ಲ. ಆಕೆಗೆ ಉಳಿದಿರುವ ದಾರಿ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ: ಕುಟುಂಬ ಕೈಬಿಟ್ಟ ತಾಯಿಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು.